ಟಿಟ್ಟಿಭಕ್ಕೆ ಗರುಡನಿದ್ದ, ಮಾಗಳಿಗೆ ಯಾರಿದ್ದಾರೆ?

ಚಳ್ಳಕೆರೆಯ ಕಾವಲುಗಳಲ್ಲಿ ದನ, ಕುರಿ ಮೇಯಿಸುವವರಿಗೆ ಟಿಟ್ಟಿಭದ ಕೂಗು ಹೊಸದಲ್ಲ. ಬೇಸಗೆಯಲ್ಲಿ ಹುಲ್ಲು ಒಣಗಿದ ಗರಸು ನೆಲದ ಮೇಲೆ ನಾಲ್ಕು ಹರಳುಕಲ್ಲುಗಳನ್ನು ಸುತ್ತ ಇಟ್ಟುಕೊಂಡು, ಕಲ್ಲಿನ ಬಣ್ಣದವೇ ಆದ ನಾಲ್ಕು ಮೊಟ್ಟೆಗಳನ್ನು ಅದು ಇಡುತ್ತದೆ. ಮನುಷ್ಯನೋ ನಾಯಿಯೋ ಸಮೀಪಿಸಿದರೆ ಸಾಕು, ಗಂಡು ಹೆಣ್ಣು ಎರಡೂ ಮೇಲೆದ್ದು ತಲೆಯ ಮೇಲೆಯೇ ಎರಗಿ ಬರುವಂತೆ ಹಾರಿ, ಬಯಲೆಲ್ಲ ಕೇಳುವಂತೆ ಕಿರುಚುತ್ತವೆ. ಆ ಕಿರುಚಾಟಕ್ಕೆ ಬೆದರಿ ಅಥವಾ ಮರುಗಿ ದಾರಿಹೋಕರು ಬಳಸಿ ನಡೆಯುತ್ತಾರೆ. ಮೊಟ್ಟೆ ಉಳಿಯುತ್ತದೆ.

ಮೊಳಕಾಲ್ಮೂರಿನ ಕಡೆಯ ಕಲ್ಲುಗುಡ್ಡಗಳದು ಇನ್ನೊಂದು ಲೋಕ. ಚಿತ್ರದುರ್ಗ, ತುಮಕೂರು ಸೀಮೆಯಿಂದ ಗಡಿಯಾಚೆಯ ಅನಂತಪುರದವರೆಗೆ ಹರಡಿರುವ ಇಂಥ ಒಣ ಗುಡ್ಡಗಳ ಬಂಡೆಸಂದುಗಳೇ ಮಾಗಳಿ ಬಳ್ಳಿಯ ತವರು. ಕೆಲವರು ಇದನ್ನು ಮಾಕಳಿ ಎನ್ನುತ್ತಾರೆ. ದಪ್ಪ ಎಲೆಯ, ಮುರಿದರೆ ಹಾಲು ಸುರಿಸುವ ಈ ಬಳ್ಳಿ ಮಾಸಲು ಹಳದಿಯ ಸಣ್ಣ ಹೂಗೊಂಚಲು ಬಿಡುತ್ತದೆ. ಹೂವು ನಿಂತರೆ ಜೋಡಿ ಕೊಂಬಿನಂಥ ಕಾಯಿ. ಕಾಯಿ ಒಡೆದರೆ ಎಕ್ಕದ ಬೀಜದಂತೆ ರೇಷ್ಮೆಯೆಳೆ ಹೊತ್ತ ಬೀಜ ಗಾಳಿಗೆ ತೇಲುತ್ತದೆ. ಆದರೆ ಈ ಹೂವನ್ನು ಕಂಡವರು ಎಷ್ಟು ಮಂದಿ? ಬೇರನ್ನು ಕಂಡವರು ಮಾತ್ರ ನಾಡಿನ ತುಂಬ ಇದ್ದಾರೆ. ಹಾರೆ ಹಾಕಿ ಬಂಡೆ ಮಿಡಿದು, ಬುಡಸಮೇತ ಕಿತ್ತು, ಕಟ್ಟು ಕಟ್ಟಿ ಪೇಟೆಗೆ ಒಯ್ಯುವಾಗ ಮಾಗಳಿ ಕೂಗುವುದಿಲ್ಲ. ಯಾರ ತಲೆಯ ಮೇಲೂ ಎರಗುವುದಿಲ್ಲ.

ಕೂಗುವ ಜೀವಕ್ಕೆ ಕಾನೂನು, ಮರುಕ, ಮೆರವಣಿಗೆ ಎಲ್ಲವೂ ಇವೆ. ಕೂಗದ ಜೀವಕ್ಕೆ ಬೆಲೆ ಮಾತ್ರ ಇದೆ. ಈ ನೀತಿ ಬದಲಾಗದೆ ಗುಡ್ಡಗಾಡಿನ ಪರಿಸರ ಉಳಿಯಲಾರದು.

ಎರಡು ಜೀವಗಳ ಲೆಕ್ಕ

ಟಿಟ್ಟಿಭ ನೀರಂಚಿನಲ್ಲಿ ನಡೆದಾಡುವ ಹಕ್ಕಿಗಳ ಕುಲಕ್ಕೆ ಸೇರಿದ್ದು. ಕೆಂಪು ಟಿಟ್ಟಿಭ ಪಶ್ಚಿಮ ಏಷ್ಯಾದಿಂದ ಆಗ್ನೇಯ ಏಷ್ಯಾದವರೆಗೆ ಹರಡಿದೆ. ಕೆರೆಯಂಚು, ಉತ್ತ ಹೊಲ, ರಸ್ತೆಬದಿ, ಊರ ಹೊರಗಿನ ಖಾಲಿ ಸೈಟು, ಕಡೆಗೆ ಜಲ್ಲಿ ಹರಡಿದ ತಾರಸಿಯ ಮೇಲೂ ಅದು ಮೊಟ್ಟೆಯಿಟ್ಟು ಮರಿ ಮಾಡಬಲ್ಲದು. ಕಾವಲಿನ ಒಣ ಬಯಲನ್ನು ಹೆಚ್ಚು ನೆಚ್ಚಿದ ಅದರ ದಾಯಾದಿ ಹಳದಿ ಟಿಟ್ಟಿಭ. ಈ ಎರಡನ್ನೂ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ ‘ಸದ್ಯಕ್ಕೆ ಆತಂಕವಿಲ್ಲದವು’ ಎಂಬ ಗುಂಪಿನಲ್ಲಿ ಇಟ್ಟಿದೆ. ಒಂದು ಸಂಸಾರದ ಮೊಟ್ಟೆ ಕೆಟ್ಟರೆ ಜೋಡಿ ಮತ್ತೆ ಮೊಟ್ಟೆಯಿಡಲು ಯತ್ನಿಸುತ್ತದೆ. ಸುಮಾರು ನಾಲ್ಕು ವಾರ ಕಾವು ಕೊಟ್ಟರೆ ಮರಿ ಹೊರಬಂದು ಅಂದೇ ಓಡಾಡತೊಡಗುತ್ತದೆ.

ಅದೇ ಕೆಂಪು ಪಟ್ಟಿಯಲ್ಲಿ ಮಾಗಳಿ ‘ಅಪಾಯದ ಅಂಚಿನ’ ಗುಂಪಿನಲ್ಲಿದೆ. ದಕ್ಷಿಣ ಭಾರತದ ಪರ್ಯಾಯ ದ್ವೀಪವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಅದು ಕಾಡಿನಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಬೇಕಾದುದು ಬಂಡೆಯ ಸಂದು, ಕಡಿಮೆ ಮಳೆ, ಕಲಕದ ನೆಲ. ಬೇರು ದಪ್ಪವಾಗಲು ವರ್ಷಗಳೇ ಬೇಕು. ಹೊಲದ ಬದುವಿಗೆ ಹಾರಿಹೋಗಿ ಬದುಕುವ ದಾರಿ ಅದಕ್ಕಿಲ್ಲ, ಕಿತ್ತರೆ ಮುಗಿಯಿತು. ಹೂಬಿಟ್ಟು ಬೀಜ ಕಟ್ಟುವ ಮೊದಲೇ ಬಳ್ಳಿಯನ್ನು ಕಿತ್ತರೆ, ಆ ವರ್ಷದ ಬೇರಿನೊಂದಿಗೆ ಮುಂದಿನ ಪೀಳಿಗೆಯೂ ಉಪ್ಪಿನಕಾಯಿ ಜಾಡಿಗೆ ಹೋಗುತ್ತದೆ.

ಹಾಗಿದ್ದರೂ ಎರಡರಲ್ಲಿ ಕಾವಲು ಸಿಕ್ಕಿರುವುದು ಯಾವುದಕ್ಕೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥ ಬಹು ವಿಶಾಲ. ಕಾಡುಹಕ್ಕಿಯನ್ನು ಕೊಲ್ಲುವುದಷ್ಟೇ ಅಲ್ಲದೆ ಅದರ ಮೊಟ್ಟೆಗೆ ಹಾನಿ ಮಾಡುವುದು, ಗೂಡನ್ನು ಕದಡುವುದು ಕೂಡ ಅದರೊಳಗೆ ಬರುತ್ತವೆ. ಇದು ಸರಿಯಾದ ಕಾನೂನೇ. ಸಸ್ಯಗಳ ಪಾಡು ಬೇರೆ. ಕಾಯಿದೆ ಜಾರಿಗೆ ಬಂದು ಸುಮಾರು ಎರಡು ದಶಕ ಕಳೆದ ಮೇಲೆ, 1991ರ ತಿದ್ದುಪಡಿಯಲ್ಲಿ, ಕಾಡುಸಸ್ಯಗಳಿಗೆಂದು ಒಂದು ಅಧ್ಯಾಯ ಸೇರಿತು. ಅದರಂತೆ ಕೀಳಬಾರದ, ಮಾರಬಾರದ ಸಸ್ಯಗಳ ಪಟ್ಟಿಯಲ್ಲಿ ಇಡೀ ದೇಶಕ್ಕೆ ಸೇರಿ ಇದ್ದ ನಮೂದುಗಳು 6. ಆ ಆರರಲ್ಲಿ ಒಂದೂ ಚಳ್ಳಕೆರೆ, ಮೊಳಕಾಲ್ಮೂರಿನ ನೆಲದ್ದಲ್ಲ, ಮಾಗಳಿಯೂ ಅಲ್ಲಿರಲಿಲ್ಲ. 2022ರ ತಿದ್ದುಪಡಿ ಆ ಪಟ್ಟಿಯನ್ನು ಬೆಳೆಸಿತಾದರೂ ಪ್ರಾಣಿಪಕ್ಷಿಗಳ ಉದ್ದನೆಯ ಪಟ್ಟಿಗಳ ಮುಂದೆ ಸಸ್ಯಗಳದು ಇಂದಿಗೂ ಕಿರಿದು. 1927ರ ಭಾರತೀಯ ಅರಣ್ಯ ಕಾಯಿದೆಯಂತೂ ಹುಲ್ಲು, ಬಳ್ಳಿ, ಜೊಂಡು, ಪಾಚಿಗಳನ್ನೆಲ್ಲ ‘ಅರಣ್ಯ ಉತ್ಪನ್ನ’ ಎಂದು ಕರೆದು ಕೈ ತೊಳೆದುಕೊಂಡಿತು. ಹುಟ್ಟಿದಾಗಲೇ ಸರಕು ಎಂದು ಹೆಸರು ಪಡೆದ ಜೀವಕ್ಕೆ ಮುಂದೆ ಯಾವ ಗೌರವ ಸಿಕ್ಕೀತು?

ವನ್ಯಧಾಮಗಳ ಹೆಸರುಗಳೂ ಇದೇ ಕಥೆ ಹೇಳುತ್ತವೆ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆ, ದರೋಜಿಯಲ್ಲಿ ಕರಡಿಗೆ, ನೆರೆಯ ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆ ವನ್ಯಧಾಮಗಳಿವೆ. ಅವುಗಳ ಆಶ್ರಯದಲ್ಲಿ ಗಿಡಬಳ್ಳಿಗಳಿಗೂ ನೆರಳು ದೊರೆಯುತ್ತದೆಂಬುದು ನಿಜ. ಆದರೆ ಆ ಪ್ರಾಣಿಯಿಲ್ಲದ ಗುಡ್ಡದ ಬಳ್ಳಿಗೆ ಆ ನೆರಳಿಲ್ಲ.

ಪಂಚತಂತ್ರದ ಟಿಟ್ಟಿಭದ ಕಥೆ ಹಳ್ಳಿಯ ಹಿರಿಯರಿಗೆ ಗೊತ್ತಿರುವುದೇ. ಸಮುದ್ರವು ದಡದ ಮೊಟ್ಟೆಗಳನ್ನು ಕದ್ದೊಯ್ದಾಗ ಟಿಟ್ಟಿಭ ಹಕ್ಕಿಗಳ ಸಭೆ ಸೇರಿಸಿತು. ಹಕ್ಕಿಗಳು ಗರುಡನ ಬಳಿಗೆ ಹೋದವು. ಗರುಡ ವಿಷ್ಣುವಿಗೆ ದೂರಿತ್ತ. ವಿಷ್ಣುವಿನ ಬಾಣಕ್ಕೆ ಹೆದರಿ ಸಮುದ್ರ ಮೊಟ್ಟೆಗಳನ್ನು ಹಿಂದಿರುಗಿಸಿತು. ದುರ್ಬಲರ ಒಗ್ಗಟ್ಟಿಗೆ ಉದಾಹರಣೆಯಾಗಿ ಈ ಕಥೆಯನ್ನು ಎಷ್ಟೋ ಸಭೆಗಳಲ್ಲಿ ಹೇಳಲಾಗುತ್ತದೆ. ಸಭೆ ಸೇರಿಸಲು ಕೊರಳೇ ಇಲ್ಲದ ಜೀವದ ಮೊಟ್ಟೆಯನ್ನು ಸಮುದ್ರ ಒಯ್ದರೆ ಗರುಡನಿಗೆ ಸುದ್ದಿ ಮುಟ್ಟಿಸುವವರು ಯಾರೆಂದು ಮಾತ್ರ ಯಾರೂ ಕೇಳಿಲ್ಲ.

‘ಬಂಜರು’ ಎಂಬ ಬರಹ

ಇಲ್ಲಿ ಸಮುದ್ರ ಯಾವುದು? ಮೊದಲನೆಯದು ಪೇಟೆಯ ಹಸಿವು. ಎರಡನೆಯದು ಸರ್ಕಾರಿ ಕಡತದ ಒಂದು ಪದ: ಬಂಜರು.

ಕೇಂದ್ರ ಸರ್ಕಾರದ ಭೂಸಂಪನ್ಮೂಲ ಇಲಾಖೆ 2000ದಿಂದ ಕೆಲವು ವರ್ಷಗಳಿಗೊಮ್ಮೆ ದೇಶದ ‘ಬಂಜರು ಭೂಮಿಯ ನಕ್ಷೆ’ಯನ್ನು ಪ್ರಕಟಿಸುತ್ತ ಬಂದಿದೆ. ಕುರುಚಲು ಗಿಡಗಳ ನೆಲ, ಬಂಡೆಗಲ್ಲಿನ ನೆಲ ಎಂಬ ವರ್ಗಗಳು ಅದರಲ್ಲಿವೆ. ಕುರುಚಲು ನೆಲವೆಂದರೆ ಟಿಟ್ಟಿಭ, ಕೃಷ್ಣಮೃಗ, ಕುರಿಗಾಹಿಗಳ ನೆಲ. ಬಂಡೆಗಲ್ಲಿನ ನೆಲವೆಂದರೆ ಮಾಗಳಿಯ ನೆಲ. ಕೂತಲ್ಲಿಂದಲೇ ನಕ್ಷೆ ಬರೆಯುವವರಿಗೆ ಅಲ್ಲಿ ಏನೂ ಇಲ್ಲವೆಂದು ಕಂಡರೆ, ಆ ನೆಲವನ್ನು ಯಾರಿಗಾದರೂ ಕೊಡುವುದು ಸುಲಭವಾಗುತ್ತದೆ.

ಚಳ್ಳಕೆರೆ ಅದನ್ನು ಕಣ್ಣಾರೆ ಕಂಡ ಊರು. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎಂಬ ಹೆಸರು ಪಡೆದ ದನಗಳ ಮೇವಿಗಾಗಿ ಶತಮಾನಗಳಿಂದ ಮೀಸಲಾಗಿದ್ದ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು 2010ರ ಆಸುಪಾಸಿನಲ್ಲಿ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೂ ಸೌರ ವಿದ್ಯುತ್ ಯೋಜನೆಗೂ ಹಂಚಲಾಯಿತು. ದೊಡ್ಡಉಳ್ಳಾರ್ತಿ, ಖುದಾಪುರ, ವರವು ಕಾವಲುಗಳ ಸುತ್ತಲಿನ ಹಳ್ಳಿಗರು ಗೋಡೆಗಳೆದ್ದ ಮೇಲೆ ದನಕುರಿಗಳ ದಾರಿ ಕಳೆದುಕೊಂಡರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 2014ರ ಆಗಸ್ಟ್‌ನಲ್ಲಿ ಬಂದ ತೀರ್ಪು ಷರತ್ತುಗಳನ್ನು ವಿಧಿಸಿತಾದರೂ ಯೋಜನೆಗಳು ನಿಲ್ಲಲಿಲ್ಲ. 2017ರ ಮೇ ತಿಂಗಳಿನಲ್ಲಿ ವರವು ಕಾವಲಿನಲ್ಲಿ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು.

ಆ ಹೋರಾಟದಲ್ಲಿ ಎರೆಭೂತ ಹಕ್ಕಿಯ ಹೆಸರು ಮತ್ತೆ ಮತ್ತೆ ಕೇಳಿಬಂತು. ಕೃಷ್ಣಮೃಗ ಬಂತು, ಅಮೃತ ಮಹಲ್ ತಳಿ ಬಂತು. ಬರಬೇಕಾದುದೇ. ಆದರೆ ಕಾವಲಿನ ಹುಲ್ಲುಗಳ, ಮಳೆಗಾಲದಲ್ಲಿ ಮಾತ್ರ ನೆಲದಿಂದೆದ್ದು ಹೂಬಿಟ್ಟು ಮರೆಯಾಗುವ ಗೆಡ್ಡೆಗಳ ಹೆಸರು ಎಷ್ಟು ಮಂದಿಯ ಬಾಯಲ್ಲಿ ಬಂತು? ದನ ಮೇಯಿಸುವವರಿಗೆ ಅವು ಒಂದೊಂದೂ ಗೊತ್ತಿದ್ದವು. ಅವರನ್ನು ಕೇಳಿ ಬರೆದುಕೊಳ್ಳುವವರು ವಿರಳರಾದರು.

ಗುಡ್ಡಗಳ ವಿಷಯದಲ್ಲಿ ಇದು ಇನ್ನೂ ಕಠೋರ. ಚಿತ್ರದುರ್ಗ ಜಿಲ್ಲೆಯ ಬೆಟ್ಟಸಾಲುಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಂತಿವೆ. ಅವುಗಳನ್ನು ಮೇಲೇರಿಸಲು ರಸ್ತೆಗಳನ್ನು ಕಡಿಯಲಾಗಿದೆ. ಬಂಡೆ ಒಡೆದು ಸಮತಟ್ಟು ಮಾಡಿದ ಜಾಗ ಮಾಗಳಿಯಂಥ ಬಳ್ಳಿಯ ಪಾಲಿಗೆ ಸುಟ್ಟ ಮನೆ. ಹೀಗಿದ್ದೂ ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆಗಳೇ ಇಲ್ಲ. ಸೌರ ಫಲಕಗಳ ಯೋಜನೆಗಳಿಗೂ ವಿನಾಯಿತಿ ಕೊಡಲಾಗಿದೆ. ಅರಣ್ಯ ಭೂಮಿಯಾದರೆ ಬೇರೆ ಅನುಮತಿ ಬೇಕು. ಕಂದಾಯ ಭೂಮಿಯ ಗುಡ್ಡವಾದರೆ ಅಲ್ಲಿ ಯಾವ ಹೂವು ಅರಳುತ್ತದೆಂದು ಕೇಳುವ ಹೊಣೆ ಈ ಕಾನೂನಿನಂತೆ ಯಾರದೂ ಅಲ್ಲ. ಗಾಳಿಯಂತ್ರಕ್ಕೆ ಹಕ್ಕಿ ಬಡಿದು ಬಿದ್ದರೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಅದರ ಬುಡದಲ್ಲಿ ಹೂತುಹೋದ ಬಳ್ಳಿಯ ಚಿತ್ರ ಬರುವುದಿಲ್ಲ.

ಬರುವ ಆಕ್ಷೇಪಗಳು

ಹಕ್ಕಿಯ ಮೇಲೆ ಹೊಟ್ಟೆಕಿಚ್ಚೇಕೆ ಎಂದು ಪಕ್ಷಿಪ್ರೇಮಿಗಳು ಕೇಳಬಹುದು. ಹೊಟ್ಟೆಕಿಚ್ಚಿನ ಪ್ರಶ್ನೆ ಇಲ್ಲ. ಇಂದು ಸಾಮಾನ್ಯವಾದುದು ನಾಳೆ ಅಪರೂಪವಾಗಬಲ್ಲದು ಎಂಬುದಕ್ಕೆ ರಣಹದ್ದುಗಳೇ ಸಾಕ್ಷಿ. ಊರೂರಿನ ಆಕಾಶದಲ್ಲಿ ಸುತ್ತುತ್ತಿದ್ದ ಆ ಹಕ್ಕಿಗಳು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧದಿಂದ 1990ರ ದಶಕದಲ್ಲಿ ನಿರ್ನಾಮದ ಅಂಚಿಗೆ ಬಂದವು. 2006ರಲ್ಲಿ ಆ ಔಷಧದ ಪಶುಬಳಕೆಯನ್ನು ನಿಷೇಧಿಸುವ ಹೊತ್ತಿಗೆ ಹೆಚ್ಚಿನವು ಹೋಗಿದ್ದವು. ಟಿಟ್ಟಿಭದ ಮೇಲೂ ಕಣ್ಣಿರಬೇಕು. ಆದರೆ ಮನೆಯಲ್ಲಿ ಇಬ್ಬರಿದ್ದು ಒಬ್ಬರಿಗೆ ನೆಗಡಿ, ಇನ್ನೊಬ್ಬರಿಗೆ ಪ್ರಾಣಸಂಕಟವಾದಾಗ ವೈದ್ಯರನ್ನು ಮೊದಲು ಯಾರ ಹಾಸಿಗೆಯ ಬಳಿ ಕರೆಯಬೇಕೆಂಬುದು ಪಕ್ಷಪಾತದ ಮಾತಲ್ಲ.

ಎರಡನೆಯ ಆಕ್ಷೇಪ ಗಂಭೀರವಾದುದು. ಬೇರು ಕೀಳುವವರು ಬಡವರು. ಅವರ ಅನ್ನಕ್ಕೆ ಕಲ್ಲು ಹಾಕುವುದೇ ಎಂಬುದು ಅದು. ಮಾಗಳಿಯ ಮೇಲೆ ಬರಿಯ ನಿಷೇಧ ಹೇರಿದರೆ ಆಗುವುದು ಅದೇ. ಹಾರೆ ಹಿಡಿದವರು ಪೊಲೀಸರ ಕೈಗೆ ಸಿಕ್ಕುತ್ತಾರೆ, ಲಾರಿ ತುಂಬುವವರು ಸಿಕ್ಕುವುದಿಲ್ಲ. ಬೇರು ಗುಡ್ಡ ಇಳಿದು, ಮಧ್ಯವರ್ತಿಯ ಗೋದಾಮು ದಾಟಿ, ನಗರದ ಮಾರುಕಟ್ಟೆ ಸೇರುವವರೆಗೆ ಬೆಲೆ ಏರುತ್ತಲೇ ಹೋಗುತ್ತದೆ. ಬಿಸಿಲಿನಲ್ಲಿ ಬಂಡೆ ಮಿಡಿದವರಿಗೆ ದಕ್ಕುವುದು ತಳದ ಪಾಲು. ಸಿಪ್ಪೆ ಹೆರೆದು, ನಡುವಿನ ನಾರುದಿಂಡು ತೆಗೆದು, ಮಜ್ಜಿಗೆ ಸಾಸಿವೆಯಲ್ಲಿ ನೆನೆಹಾಕಿದ ಮಾಗಳಿ ಉಪ್ಪಿನಕಾಯಿಯನ್ನು, ತಿಗಣೆ ವಾಸನೆಯೆಂದು ಕೆಲವರು ಮೂಗು ಮುಚ್ಚಿಕೊಂಡರೂ, ಬಾಯಿ ಚಪ್ಪರಿಸಿ ತಿನ್ನುವ ಮನೆಗಳು ಲೆಕ್ಕವಿಲ್ಲದಷ್ಟು. ಸೊಗದೆ ಬೇರಿನ ಬದಲಿಗೆ ಶರಬತ್ತಿಗೂ ಔಷಧಕ್ಕೂ ಇದನ್ನೇ ಬೆರೆಸುವುದುಂಟು. ಅಪರಾಧದ ಪಾಲು ಹಂಚುವುದಾದರೆ ಅದು ಊಟದೆಲೆಯ ತುದಿಯಿಂದ ಆರಂಭವಾಗಬೇಕು, ಹಾರೆಯ ತುದಿಯಿಂದಲ್ಲ.

ಬೇರು ಕೀಳುವವರ ಅನ್ನ ಮಾಗಳಿ ಉಳಿದರೆ ಮಾತ್ರ ಉಳಿಯುತ್ತದೆ. ಬೀಜ ಹಾರಿದ ಮೇಲೆ ಅಗೆಯುವುದು, ಬುಡವನ್ನು ಬಿಟ್ಟು ಕವಲುಬೇರುಗಳಲ್ಲಿ ಕೆಲವನ್ನಷ್ಟೇ ತೆಗೆಯುವುದು, ಗುಂಡಿಯನ್ನು ಮತ್ತೆ ಮಣ್ಣಿನಿಂದ ಮುಚ್ಚುವುದು — ಹಳಬರಿಗೆ ಗೊತ್ತಿದ್ದ ಈ ಹದ ಇಂದು ಗುತ್ತಿಗೆಯ ಅವಸರದಲ್ಲಿ ಕಳೆದುಹೋಗಿದೆ. ಕೃಷಿಗೂ ದಾರಿ ಇಲ್ಲದಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಂಗಾಂಶ ಕೃಷಿಯಿಂದ ಮಾಗಳಿ ಸಸಿಗಳನ್ನು ಎಬ್ಬಿಸಿ ತೋರಿಸಿದ್ದಾರೆ. ಆ ಸಸಿಗಳು ಪ್ರಯೋಗಾಲಯ ದಾಟಿ ಬಯಲುಸೀಮೆಯ ಒಣಹೊಲಗಳ ಬದುಗಳಿಗೆ ಬರಬೇಕು. ಊರಿನ ಸ್ವಸಹಾಯ ಗುಂಪುಗಳೇ ಸಸಿಮಡಿ ಮಾಡಿದರೆ ಮಧ್ಯವರ್ತಿಗೆ ಹೋಗುವ ಪಾಲು ಊರಿನಲ್ಲಿಯೇ ನಿಲ್ಲುತ್ತದೆ.

ಚಳವಳಿಯ ಮನೆಯೊಳಗಿನ ಮಾತು

ಈ ತಪ್ಪಿನಲ್ಲಿ ಪರಿಸರ ಚಳವಳಿಗೂ ಪಾಲಿದೆ. ಭಿತ್ತಿಪತ್ರದ ಮೇಲೆ ಹುಲಿ, ಆನೆ, ಹಕ್ಕಿ. ಕರಪತ್ರದ ಮೂಲೆಯಲ್ಲಿ ಒಂದು ಎಲೆ. ಶಾಲಾಕಾಲೇಜುಗಳಲ್ಲಿ ಹಕ್ಕಿ ಗಣತಿ ನಡೆಯುತ್ತದೆ, ಅರಣ್ಯ ಇಲಾಖೆ ಹಕ್ಕಿ ಹಬ್ಬ ಮಾಡುತ್ತದೆ. ಒಂದು ಗುಡ್ಡದ ಬಳ್ಳಿಗಳನ್ನು ಎಣಿಸಲು ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಬೆರಳೆಣಿಕೆಯವರು. ಹಾರುವ ಹಕ್ಕಿಯ ಬಣ್ಣ ಮನಸ್ಸನ್ನು ಸೆಳೆಯುವುದು ಸಹಜ. ಆದರೆ ಸೆಳೆತವೇ ಸಂರಕ್ಷಣೆಯ ಅಳತೆಗೋಲಾದರೆ ಸುಂದರವಲ್ಲದ, ಸದ್ದು ಮಾಡದ ಜೀವಗಳೆಲ್ಲ ಮೊದಲು ಅಳಿಯುತ್ತವೆ.

ಬೇರೆ ದಾರಿ ತೋರಿಸಿದ ಉದಾಹರಣೆಗಳು ಇದೇ ರಾಜ್ಯದಲ್ಲಿವೆ. 1993ರಿಂದ ಬೆಂಗಳೂರಿನ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆ ಮತ್ತು ಅರಣ್ಯ ಇಲಾಖೆ ಕೂಡಿ ಔಷಧ ಸಸ್ಯಗಳಿಗಾಗಿಯೇ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿದವು. 2007ರಲ್ಲಿ ದೇವನಹಳ್ಳಿ ಬಳಿಯ ನಲ್ಲೂರಿನ ಹಳೆಯ ಹುಣಸೆ ತೋಪು 2002ರ ಜೀವವೈವಿಧ್ಯ ಕಾಯಿದೆಯಡಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು. ಹುಣಸೆಮರಗಳೂ ಕೂಗಲಿಲ್ಲ, ಅವುಗಳ ಪರವಾಗಿ ಮನುಷ್ಯರು ಮಾತನಾಡಿದರು.

ಕಾನೂನಿಗೆ ಕಾಯಬೇಕಾಗಿಯೂ ಇಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕರು ದೇವರ ಎತ್ತುಗಳ ಹಟ್ಟಿಗಳನ್ನು ಇಂದಿಗೂ ಕಾಯುತ್ತಾರೆ. ಆ ಎತ್ತುಗಳ ಹೆಗಲಿಗೆ ನೊಗವಿಲ್ಲ, ಅವುಗಳನ್ನು ಮಾರುವಂತಿಲ್ಲ, ಬರಗಾಲದಲ್ಲಿಯೂ ಅವುಗಳ ಮೇವಿಗಾಗಿ ಕಿಲಾರಿಗಳು ಅಲೆಯುತ್ತಾರೆ. ಯಾವ ಕಾಯಿದೆಯೂ ಇದನ್ನು ಹೇಳಿಕೊಟ್ಟಿಲ್ಲ. ಒಂದು ಜೀವವನ್ನು ಲಾಭದ ಲೆಕ್ಕದಿಂದ ಹೊರಗಿಡುವ ವ್ರತವನ್ನು ಈ ನೆಲದ ಜನ ತಲೆಮಾರುಗಳಿಂದ ಬಲ್ಲರು. ಆ ವ್ರತ ಒಂದು ಬಳ್ಳಿಗೂ ಸಲ್ಲಬಾರದೇಕೆ?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎನ್ನುವ ಆ ಶಾಸನ ಜೀವಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕೆಂದೂ ಹೇಳುತ್ತದೆ. ಅದೇ ಅಶೋಕನ ಉತ್ತರ ಭಾರತದ ಸ್ತಂಭಶಾಸನವೊಂದು ಕೊಲ್ಲಬಾರದ ಪ್ರಾಣಿಪಕ್ಷಿಗಳ ಪಟ್ಟಿ ಕೊಟ್ಟು, ಸುಮ್ಮಸುಮ್ಮನೆ ಕಾಡು ಸುಡಬಾರದೆಂದೂ ಆಜ್ಞಾಪಿಸುತ್ತದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಇಂಥ ಮಾತು ಕೆತ್ತಿದ ಬಂಡೆಗಳ ಸೀಮೆಯಲ್ಲಿ ಇಂದು ಹಾರೆ ಆಡುತ್ತಿದೆ.

ಆಗಬೇಕಾದುದು

ಪ್ರತಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದಿಂದ ಹೊರಬಂದು ಗುಡ್ಡ ಹತ್ತಬೇಕು. ಮಾಗಳಿ ಎಲ್ಲೆಲ್ಲಿ ಇದೆ, ಎಷ್ಟಿದೆ, ಯಾವ ತಿಂಗಳು ಹೂಬಿಡುತ್ತದೆ, ಯಾವಾಗ ಕಾಯಿ ಒಡೆಯುತ್ತದೆ ಎಂಬುದು ಜೀವವೈವಿಧ್ಯ ದಾಖಲಾತಿಯಲ್ಲಿ ಊರವರ ಮಾತಿನಲ್ಲಿಯೇ ಬರೆದಿರಬೇಕು. ಈ ಕೆಲಸಕ್ಕೆ ಕಾಲೇಜು ವಿದ್ಯಾರ್ಥಿಗಳು ಕೈಜೋಡಿಸಬೇಕು. ಬೇರು ಅಗೆಯುವವರೇ ಅವರ ಗುರುಗಳಾಗಬೇಕು.

ಬೀಜ ಹಾರುವ ಮೊದಲು ಅಗೆಯಬಾರದು, ಬುಡ ಕೀಳಬಾರದು ಎಂಬ ಕಟ್ಟಳೆಯನ್ನು ಗ್ರಾಮಸಭೆ ಮಾಡಬೇಕು. ಎಣಿಕೆಯಿಲ್ಲದೆ ಬೇರಿನ ಗುತ್ತಿಗೆ ಕೊಡುವುದನ್ನು ಇಲಾಖೆ ನಿಲ್ಲಿಸಬೇಕು. ನಾಶದ ಅಂಚಿನಲ್ಲಿರುವ ಜೀವಿಗಳನ್ನು ಅಧಿಸೂಚಿಸುವ ಅಧಿಕಾರವನ್ನು ಜೀವವೈವಿಧ್ಯ ಕಾಯಿದೆಯ 38ನೆಯ ಕಲಂ ಸರ್ಕಾರಕ್ಕೆ ಕೊಟ್ಟಿದೆ; ಮಾಗಳಿಯ ವಿಷಯದಲ್ಲಿ ಅದನ್ನು ಚಲಾಯಿಸಲು ಪಂಚಾಯಿತಿಗಳು ಒತ್ತಾಯಿಸಬೇಕು. ಗಾಳಿಯಂತ್ರವಿರಲಿ, ಕಲ್ಲುಗಣಿಯಿರಲಿ, ಸೌರ ಫಲಕವಿರಲಿ, ಗುಡ್ಡ ಮುಟ್ಟುವ ಯಾವ ಯೋಜನೆಯೂ ಮಳೆಗಾಲದ ಸಸ್ಯಪಟ್ಟಿಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದಿಡದೆ ಆರಂಭವಾಗಬಾರದು.

ನಗರದವರಿಗೆ ಉಳಿದಿರುವುದು ಒಂದು ಸಣ್ಣ ಕರ್ತವ್ಯ. ಬೇರಿನ ಕಟ್ಟನ್ನು ಕೊಳ್ಳುವಾಗ ಅದು ಬೆಳೆದದ್ದೋ ಕಾಡಿನದ್ದೋ ಎಂದು ಕೇಳಬೇಕು. ಉತ್ತರ ಸಿಗುವವರೆಗೆ ಜಾಡಿ ಖಾಲಿ ಇದ್ದರೆ ಯಾರ ಊಟವೂ ಕೆಡುವುದಿಲ್ಲ.

ಟಿಟ್ಟಿಭ ಈ ಬೇಸಗೆಯಲ್ಲಿಯೂ ಕಾವಲಿನಲ್ಲಿ ಮೊಟ್ಟೆಯಿಟ್ಟು ಕೂಗುತ್ತದೆ. ದಾರಿಹೋಕರು ಬಳಸಿ ನಡೆಯುತ್ತಾರೆ. ಅದು ಹಾಗೆಯೇ ನಡೆಯಲಿ. ಅದೇ ದಾರಿಹೋಕರು ಗುಡ್ಡ ಹತ್ತಿದಾಗ ಬಂಡೆಸಂದಿನ ಮಾಸಲು ಹಳದಿ ಹೂವನ್ನು ಕಂಡು, ಯಾರೂ ಕೂಗದಿದ್ದರೂ, ಹಾರೆಯನ್ನು ಕೆಳಗಿಡಲಿ.